ಫೇಲಾದ ಕನ್ಯೆಯರಿಬ್ಬರು

ಗಣಿತದಲ್ಲಿ ನನಗೆ ಹತ್ತೊಂಬತ್ತು ಬಂದದ್ದು ಕಂಪ್ಲಿಯಲ್ಲಿ ಗೊತ್ತಿಲ್ಲದವರು ಕಡಿಮೆ. ನಾನೇ ಹೇಳಿಕೊಂಡು ತಿರುಗಿದ್ದೇನೆ. ನೂರಕ್ಕೆ ಹತ್ತೊಂಬತ್ತು. "ಈ ವಯಸ್ಸಿಗೆ ಅದೇನು ಕಡಿಮಿನಬೇ" ಅಂತ ಓಣಿಯ ಹೆಂಗಸರು ಸಮಾಧಾನ ಹೇಳುತ್ತಾರೆ. ನನಗೆ ಅರವತ್ತೇಳು. ವಯಸ್ಸಿನ ಮೂರರಲ್ಲಿ ಒಂದು ಪಾಲೂ ಬರಲಿಲ್ಲ ಅಂತ ನಾನೇ ಲೆಕ್ಕ ಹಾಕಿ ಅವರಿಗೆ ತಿಳಿಸುತ್ತೇನೆ. ಇಂಥ ಲೆಕ್ಕ ಬಾಯಲ್ಲಿ ಬರುತ್ತದೆ. ಪೇಪರಿನ ಮೇಲೆ ಮಾತ್ರ ಬರುವುದಿಲ್ಲ.

ನಾನು ತಡವಾಗಿ ಓದಿದವಳು. ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಚಂದ್ರಕಲಾ ಟೀಚರ್ ಹತ್ತಿರ ಅಕ್ಷರ ಕಲಿತೆ. ಮೊದಲು ಕಲಿತದ್ದು ಕೊಟ್ರಬಸಮ್ಮ ಅಂತ ನನ್ನ ಹೆಸರು ಬರೆಯುವುದನ್ನು. ಒಂದು ವಾರ ಹಿಡಿಯಿತು. ಗೌರಿ, ಗಂಗಿ ಅಂತ ಇಟ್ಟಿದ್ದರೆ ಎರಡು ದಿನದಲ್ಲಿ ಮುಗಿಯುತ್ತಿತ್ತಲ್ಲ ಅಂತ ತೀರಿಹೋದ ನಮ್ಮಪ್ಪನನ್ನು ಆಗ ಬೈದುಕೊಂಡೆ. ಆಮೇಲೆ ಓದುವ ಹುಚ್ಚು ಹಿಡಿಯಿತು. ಅಂಗಡಿಯಿಂದ ಬಂದ ಕಡಲೆ ಪೊಟ್ಟಣವನ್ನು ಬಿಚ್ಚಿ, ಕಡಲೆ ತಿನ್ನುವ ಮೊದಲು ಪೊಟ್ಟಣ ಓದುವವಳಾದೆ.

ಎಸ್ಸೆಸ್ಸೆಲ್ಸಿ ಬರೆಯಬೇಕು ಅನ್ನುವ ಆಸೆ ಹುಟ್ಟಿಸಿದವಳು ನನ್ನ ಮೊಮ್ಮಗಳು ಸೌಜನ್ಯ. ಅವಳು ಹತ್ತನೇ ಇಯತ್ತೆಯಲ್ಲಿ ನೂರಕ್ಕೆ ತೊಂಬತ್ತೊಂದು ತಗೊಂಡಳು. ಅದು ನನ್ನ ರಕ್ತ ಅಂತ ನಾನು ಊರ ತುಂಬ ಹೇಳಿದೆ. ಸೊಸೆ ಗಂಗಾಂಬಿಕಾ, "ನಮ್ಮ ತವರಮನಿ ಕಡೀಗೂ ಶಾಣ್ಯಾರು ಅದಾರ್ರಿ ಅತ್ತಿ" ಅಂದದ್ದು ನನ್ನ ಕಿವಿಗೆ ಬೀಳಲಿಲ್ಲ.

ಆ ತೊಂಬತ್ತೊಂದೇ ಅವಳಿಗೆ ಮುಳುವಾಯಿತು. ಸೌಜನ್ಯಳಿಗೆ ಆರ್ಟ್ಸ್ ಬೇಕಿತ್ತು, ಅದರಲ್ಲೂ ಇತಿಹಾಸ. ಹೊಸಪೇಟೆ ಬಸ್ಸು ಬುಕ್ಕಸಾಗರ ದಾಟಿ ಗುಂಡು ಬಂಡೆಗಳ ನಡುವೆ ಹೊರಟರೆ ಸಾಕು, ಆ ಮಂಟಪ ಯಾತಕ್ಕೆ ಕಟ್ಟಿದ್ದು, ಈ ಕಾಲುವೆ ಎಲ್ಲಿಗೆ ಹೋಗುತ್ತದೆ ಅಂತ ಶುರು ಹಚ್ಚುವಳು. ಪಕ್ಕದ ಸೀಟಿನವರೂ ಕತ್ತು ಹೊರಳಿಸಿ ಕೇಳುವರು. ಹಂಪಿಯಲ್ಲಿ ಗೈಡ್ ಆಗಬೇಕು ಅನ್ನುವುದು ಅವಳ ಆಸೆ. ಆದರೆ ನನ್ನ ಮಗ ವೀರೇಶ ಒಪ್ಪಲಿಲ್ಲ.

"ತೊಂಬತ್ತೊಂದು ಬಂದಾಕಿ ಆರ್ಟ್ಸ್ ತಗಂತಾಳ? ಮಂದಿ ನಗತಾರ. ಸೈನ್ಸ್ ಸೇರು" ಅಂದ.

ವೀರೇಶನದು ಸಣ್ಣ ಅಕ್ಕಿ ಗಿರಣಿ. ಕೆಟ್ಟವನಲ್ಲ. ಆದರೆ ಭತ್ತ ಕೊಂಡು ಕೊಂಡು ಅವನಿಗೊಂದು ಅಭ್ಯಾಸ ಬಿದ್ದಿದೆ. ಲೋಡು ಬಂದರೆ ಚೀಲದಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಒಂದು ಕಾಳು ಹಲ್ಲಿಗಿಟ್ಟು ಕಡಿಯುತ್ತಾನೆ. 'ಕಟ್' ಅಂದರೆ ಒಣಗಿದೆ. ಮೆತ್ತಗೆ ಮುರಿದರೆ ಹಸಿ. ಆ ಒಂದು ಕಾಳಿನ ಮೇಲೆ ಇಡೀ ಲಾರಿಯ ದರ ಹೇಳುತ್ತಾನೆ. ಮಗಳನ್ನೂ ಅವನು ಹಾಗೇ ಹಲ್ಲಿಗಿಟ್ಟು ನೋಡಿದ.

ಎರಡು ವರ್ಷ ಸೌಜನ್ಯ ದಿನಾ ಬಸ್ಸಿನಲ್ಲಿ ಹೊಸಪೇಟೆಗೆ ಹೋಗಿ ಸೈನ್ಸ್ ಓದಿದಳು. ಈ ಏಪ್ರಿಲ್‌ನಲ್ಲಿ ಪಿಯುಸಿ ರಿಸಲ್ಟ್ ಬಂತು. ಫಿಸಿಕ್ಸ್ ಫೇಲು. ಉಳಿದದ್ದೆಲ್ಲ ಪಾಸು. ಮೂರನೇ ದಿನ ಅವಳಪ್ಪ ತೀರ್ಪು ಕೊಟ್ಟ.

"ಸಾಕು ಓದಿದ್ದು. ಹದಿನೆಂಟು ತುಂಬ್ಯಾವು. ಛಲೋ ಮನಿ ನೋಡಿ ಕೊಟ್ಟುಬಿಡೋಣ."

ಈಗ ಸರಕಾರದವರು ಒಂದೇ ವರ್ಷದಲ್ಲಿ ಮೂರು ಸಲ ಬರೆಯಲು ಬಿಡುತ್ತಾರೆ. ಎರಡನೆಯದಕ್ಕೆ ಫೀಸು ಕಟ್ಟುವ ದಿನವನ್ನು ವೀರೇಶ ಸುಮ್ಮನೆ ದಾಟಿಸಿಬಿಟ್ಟ. ಉಳಿದದ್ದು ಮೂರನೆಯದು. ಅಷ್ಟರಲ್ಲಿ ಸಂಡೂರಿನಿಂದ ಒಂದು ಸಂಬಂಧ ಕೂಡಿಬಂತು. ಹುಡುಗನ ಹೆಸರು ಬಸವಕುಮಾರ್. ಅದಿರು ಹೊರುವ ಲಾರಿ ಇಟ್ಟಿದ್ದಾನೆ, ಒಳ್ಳೆಯ ಮನೆತನ. ಅವರು ಕನ್ಯೆ ನೋಡಲು ಐತವಾರ ಬರುವುದು ಅಂತ ನಿಶ್ಚಯವಾಯಿತು.

ಮಾಳಿಗೆ ಮೇಲೆ ಹಪ್ಪಳ ತಿರುವಿ ಹಾಕುವಾಗ ಸೌಜನ್ಯ ನನಗೆ ಮೆಲ್ಲಗೆ ಹೇಳಿದಳು. "ಅಜ್ಜಿ, ಮೂರನೇ ಪರೀಕ್ಷಾಕ್ಕ ಹೆಸರು ಕೊಡಾಕ ಸೋಮವಾರ ಕಡೀ ದಿನ. ಐತವಾರ ಅವರು ಹೂಂ ಅಂದುಬಿಟ್ರ, ಸೋಮವಾರ ಯಾರು ನನ್ನ ಕಾಲೇಜಿಗೆ ಕಳಸ್ತಾರ?"

"ಅಪ್ಪನ ಕೇಳಿದೆ?"

"ಕೇಳಿದೆ. ಫೇಲಾದಾಕಿಗೆ ಮಾತು ಜಾಸ್ತಿ ಅಂದ."

ನಾನು ಏನಾದರೂ ಮಾಡುತ್ತೇನೆ ಅಂದೆ. ಏನು ಅಂತ ನನಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ವಾರ ನನ್ನ ತಲೆ ತುಂಬ ನನ್ನದೇ ರಿಸಲ್ಟ್ ಇತ್ತು.

ನಾನು ಮಾರ್ಚಿನಲ್ಲಿ ಹೊಸಪೇಟೆಯ ಸೆಂಟರಿನಲ್ಲಿ ಪರೀಕ್ಷೆ ಬರೆದು ಬಂದಿದ್ದೆ. ಮೊದಲ ದಿನ ಬಾಗಿಲಲ್ಲಿದ್ದ ಮೇಷ್ಟ್ರು, "ಅಜ್ಜಿ, ಪಾಲಕರು ಗೇಟಿನ ಹೊರಗ ನಿಲ್ರಿ" ಅಂದರು. ಹಾಲ್ ಟಿಕೆಟ್ ತೋರಿಸಿದೆ. ಫೋಟೋ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. "ಫೋಟೋದಾಗ ಸಣ್ಣಾಕಿ ಕಾಣ್ತೀನಲ್ರಿ" ಅಂತ ನಾನೇ ಅವರಿಗೆ ದಾರಿ ಮಾಡಿಕೊಟ್ಟೆ. ಕನ್ನಡ, ಸಮಾಜ ಚೆನ್ನಾಗಿ ಬರೆದೆ. ಗಣಿತದ ದಿನ ವೃತ್ತ ಬರೆಯಿರಿ ಅಂತ ಬಂದಿತ್ತು. ಕೈವಾರ ಜಾರುತ್ತಿತ್ತು. ಕೈಯ ಬಳೆ ತೆಗೆದಿಟ್ಟು ಸುತ್ತ ಪೆನ್ಸಿಲ್ ಎಳೆದೆ. ಅಷ್ಟು ದುಂಡಗಿನ ವೃತ್ತ ಇಡೀ ಹಾಲಿನಲ್ಲಿ ಯಾರದೂ ಇರಲಿಲ್ಲ. ಅದರ ನಡುಬಿಂದು ಎಲ್ಲಿ ಅನ್ನುವುದು ಮಾತ್ರ ನನಗೂ ತಿಳಿಯಲಿಲ್ಲ, ಬಳೆಗೂ ತಿಳಿದಿರಲಿಲ್ಲ. ಇನ್ನೊಂದು ಪ್ರಶ್ನೆಯಲ್ಲಿ ಯಾರೋ ಒಬ್ಬ ಗೋಪುರದ ಬುಡದಿಂದ ದೂರ ನಿಂತು ಅದರ ತುದಿ ನೋಡುತ್ತಿದ್ದ. ಪಾಪ, ಬಿಸಿಲಿನಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದಾನೋ ಅಂತ ಯೋಚಿಸುವಷ್ಟರಲ್ಲಿ ಗಂಟೆ ಹೊಡೆಯಿತು.

ಇಷ್ಟಾದರೂ ಪಾಸಾಗುತ್ತೇನೆ ಅನ್ನುವ ಧೈರ್ಯ ಇತ್ತು ನೋಡಿ, ಅದಕ್ಕೆ ಏನನ್ನಬೇಕು! ಪೇಪರಿನವರು ಫೋಟೋಕ್ಕೆ ಬಂದಾರು ಅಂತ ಹೊಸ ಕುಬುಸ ಹೊಲಿಸಿಟ್ಟಿದ್ದೆ. ಹಂಚಲು ಒಂದು ಡಬ್ಬಿ ಪೇಡೆ ತರಿಸಿಟ್ಟಿದ್ದೆ. ಶುಕ್ರವಾರ ರಿಸಲ್ಟ್ ಬಂತು. ವೀರೇಶನೇ ಮೊಬೈಲಿನಲ್ಲಿ ನೋಡಿ ಹೇಳಿದ. ಗಣಿತ ಹತ್ತೊಂಬತ್ತು, ಫೇಲು. ಆಮೇಲೆ ಡಬ್ಬಿ ತೆರೆದು ಒಂದು ಪೇಡೆ ತಿಂದೆ. ಫೇಲಾದವರ ಪೇಡೆಯೂ ಸಿಹಿಯಾಗೇ ಇತ್ತು.

ಮನೆಯವರು ನನ್ನನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು ಅಂತೀರಿ! ಸೊಸೆ ಚಹಾ ತಂದಳು. ವೀರೇಶ ಪಕ್ಕದಲ್ಲಿ ಕುಂತು ಬೆನ್ನು ಸವರಿದ.

"ಹೋಗಲಿ ಬಿಡಬೇ ಯವ್ವಾ. ಮುಂದಿನ ತಿಂಗಳ ಇನ್ನೊಂದು ಪರೀಕ್ಷಾ ಐತಿ, ನಾನ ಫೀಸು ಕಟ್ಟಿ ಬರ್ತೀನಿ. ಒಂದ ಸಬ್ಜೆಕ್ಟಿಗೆ ಯಾರರ ಅಳತಾರೇನು?"

ಸೌಜನ್ಯ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಮಾತು ಕೇಳಿದಳು. ತಿರುಗಿ ಒಳಗೆ ಹೋದಳು. ಕೈಗೆತ್ತಿಕೊಂಡ ಎರಡನೇ ಪೇಡೆಯನ್ನು ನಾನು ಡಬ್ಬಿಗೆ ವಾಪಸ್ ಇಟ್ಟೆ.

"ವೀರೇಶ, ಆಕಿದೂ ಒಂದ ಸಬ್ಜೆಕ್ಟ್ ಅಲ್ಲೇನೋ?"

"ಅದು ಬ್ಯಾರೆ, ಇದು ಬ್ಯಾರೆ. ನಿಂದು ಆಟ. ಆಕಿದು ಜೀವನ."

ಆಟ ಅಂದದ್ದು ನಾಟಿತು, ಸುಳ್ಳು ಹೇಳುವುದಿಲ್ಲ. ಆದರೂ ಸುಮ್ಮನಿದ್ದೆ, ಯಾಕೆಂದರೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಮರುದಿನ ಬಟ್ಟೆ ಒಗೆಯುವಾಗ. ಆಟಕ್ಕಾದರೆ ಇನ್ನೊಂದು ಸಲ ಉಂಟು, ಜೀವನಕ್ಕೆ ಇಲ್ಲ, ಇದು ಯಾವ ನ್ಯಾಯ? ನನ್ನದು ಯಾವಾಗಲೂ ಹೀಗೇ, ಪೇಪರು ಕೊಟ್ಟು ಹೊರಗೆ ಬಂದ ಮೇಲೆ ಉತ್ತರ ಬರುವುದು. ಆದರೆ ಈ ಸಲ ಉತ್ತರದ ಜೊತೆಗೆ ಇನ್ನೊಂದು ಕಿತಾಪತಿಯೂ ಹೊಳೆಯಿತು. ಸೌಜನ್ಯಳನ್ನು ಕರೆದೆ.

"ನಾಳೆ ಬೀಗರ ಮುಂದ ನನ್ನ ಮರ್ಯಾದಿ ಹೋಗತೈತಿ. ನಿಂದೂ ಒಂದೀಟು ಹೋಗಬಹುದು. ನೀ ಬ್ಯಾಡ ಅಂದ್ರ ಬಿಡ್ತೀನಿ."

ಅವಳು ನಕ್ಕಳು, ರಿಸಲ್ಟ್ ಬಂದ ಮೇಲೆ ಮೊದಲ ಸಲ. "ನಂದು ಹೋಗೇ ಐತಲ್ಲ ಅಜ್ಜಿ. ಉಳಿದದ್ದೂ ಹೋಗಲಿ ಬಿಡು."

ಐತವಾರ ಬೀಗರು ಬಂದರು. ಹುಡುಗ ಬಸವಕುಮಾರ್, ಅವನ ತಾಯಿ ಹಂಪಮ್ಮ, ತಾತ ಚನ್ನಯ್ಯ. ತಾತನಿಗೆ ಬಿಳಿ ಮೀಸೆ, ಹಣೆ ತುಂಬ ವಿಭೂತಿ. ಗಂಗಾಂಬಿಕಾ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಶಿರಾ ಮಾಡಿದ್ದಳು. ಸೌಜನ್ಯ ಸೀರೆ ಉಟ್ಟು ಬಂದು ಎಲ್ಲರಿಗೂ ನಮಸ್ಕಾರ ಮಾಡಿ ಜಮಖಾನದ ಮೇಲೆ ಕುಂತಳು. ಅವಳ ಹಿಂದೆ ನಾನು ಬಂದೆ. ಇಳಕಲ್ ಸೀರೆ, ಪೇಪರಿನವರಿಗೆಂದು ಹೊಲಿಸಿದ ಆ ಹೊಸ ಕುಬುಸ, ತಲೆಗೆ ಎಣ್ಣೆ. ನಾನೂ ಎಲ್ಲರಿಗೂ ನಮಸ್ಕಾರ ಮಾಡಿ ಅವಳ ಪಕ್ಕ ತಲೆ ತಗ್ಗಿಸಿ ಕುಂತೆ. ಮೊಣಕಾಲು ಮಡಚುವಾಗ 'ಕಟ್' ಅಂತು. ಒಣಗಿದ ಕಾಳು.

ಹಂಪಮ್ಮ ಕೇಳಿದಳು, "ಹುಡುಗಿ ಏನು ಓದ್ಯಾಳ್ರಿ?"

"ಪಿಯುಸಿ ಸೈನ್ಸ್ ಮುಗಿಸ್ಯಾಳ್ರಿ" ಅಂದಳು ಗಂಗಾಂಬಿಕಾ. ಮುಗಿಸಿದ್ದು ನಿಜ. ಪಾಸು ಅಂತ ಅವಳೇನೂ ಅನ್ನಲಿಲ್ಲ.

"ನಾನು ಎಸ್ಸೆಸ್ಸೆಲ್ಸಿ ಮುಗಿಸೀನ್ರಿ" ಅಂದೆ ನಾನು.

ಹಂಪಮ್ಮ ನಕ್ಕಳು. "ದೊಡ್ಡಮ್ಮಾರು ಭಾಳ ತಮಾಷಿ ಮಾಡ್ತಾರ."

"ತಮಾಷಿ ಅಲ್ರಿ. ನಾನೂ ಕನ್ಯಾನ. ನಮ್ಮ ಮನ್ಯಾಗ ಒಂದು ಸಬ್ಜೆಕ್ಟ್ ಫೇಲಾದ್ರ ಮದುವಿ ಮಾಡಿ ಕಳಸ್ತಾರ. ಈಕಿ ಫಿಸಿಕ್ಸ್ ಫೇಲು, ನಾನು ಮ್ಯಾಥ್ಸ್ ಫೇಲು. ಮನ್ಯಾಗ ಹಿರೇರು ಕುಂತಿರುವಾಗ ಕಿರೇರದು ಮೊದಲ ಮಾಡಿದ್ರ ಚಂದ ಕಾಣಂಗಿಲ್ಲ. ನಂದು ಮೊದಲ ಆಗಲಿ ಅಂತ ಬಂದು ಕುಂತೀನಿ."

ವೀರೇಶ ಎದ್ದು ನಿಂತ. "ಯವ್ವಾ! ಒಳಗ ನಡಿ."

"ಯಾಕ ನಡೀಲಿ? ನಮ್ಮಾಗ ಉಡಿಕಿ ಇಲ್ಲೇನು?"

ಉಡಿಕಿ ಅಂದರೆ ನನ್ನಂಥ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬರು ಮನೆ ತುಂಬಿಸಿಕೊಳ್ಳುವುದು. ನಮ್ಮ ಕಡೆ ಹಿಂದಿನಿಂದ ನಡೆದು ಬಂದದ್ದು. "ನಿಮ್ಮ ಸ್ವಾದರತ್ತಿದು ಉಡಿಕಿನ. ಆ ಊಟಕ್ಕ ಹುಗ್ಗಿ ಬಡಿಸಿದಾಂವ ನೀನ" ಅಂದೆ. ಎದ್ದು ನಿಂತಿದ್ದ ವೀರೇಶ ಮತ್ತೆ ಕುಂತ. ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದಳು, ಅಳುವುದಕ್ಕೋ ನಗುವುದಕ್ಕೋ ತಿಳಿಯಲಿಲ್ಲ.

ಅಲ್ಲಿಯವರೆಗೆ ಸುಮ್ಮನೆ ಮಿರ್ಚಿ ತಿನ್ನುತ್ತಿದ್ದ ಚನ್ನಯ್ಯನವರು ಬಾಯಿ ಒರೆಸಿಕೊಂಡರು.

"ಅಕ್ಕಾರ, ಮ್ಯಾಥ್ಸ್ ಎಷ್ಟು ಬಂದಾವು?"

"ಹತ್ತೊಂಬತ್ತ್ರಿ."

"ಎಷ್ಟಕ್ಕ?"

"ನೂರಕ್ಕ."

ಅವರು ಮೀಸೆ ಸವರಿಕೊಂಡರು. "ಕನ್ನಡ?"

"ನೂರಾ ಇಪ್ಪತ್ತೈದಕ್ಕ ತೊಂಬತ್ತೆಂಟು."

"ಅದು ಛಲೋ ಐತಿ. ನಮ್ಮಾಕಿ ಹೋಗಿ ಭಾಳ ವರ್ಷ ಆತು. ಮನ್ಯಾಗ ಜ್ವಾಳದ ರೊಟ್ಟಿದ ತ್ರಾಸ. ರೊಟ್ಟಿ ಬಡೀತೀರೇನು?"

"ಬಿಟ್ಟೀನ್ರಿ. ಓದೋದು ಇರತೈತಿ."

ಚನ್ನಯ್ಯನವರು ನಿಟ್ಟುಸಿರು ಬಿಟ್ಟರು. "ಹಂಗಾದ್ರ ಬ್ಯಾಡ ಬಿಡ್ರಿ. ಲೆಕ್ಕಾನೂ ಇಲ್ಲ, ರೊಟ್ಟಿನೂ ಇಲ್ಲ. ಏನಂತ ಮಾಡಿಕೊಳ್ಳಲಿ?"

ಮನೆ ತುಂಬ ನಗು. ಹಂಪಮ್ಮನಿಗೆ ಶಿರಾ ನೆತ್ತಿಗೇರಿತು. ಒಂದೇ ವಾರದಲ್ಲಿ ನಾನು ಎರಡನೇ ಸಲ ಫೇಲಾದೆ. ಅದೂ ಬಾಯಿ ಪರೀಕ್ಷೆಯಲ್ಲಿ.

ನಗು ಇಳಿದ ಮೇಲೆ ಚನ್ನಯ್ಯನವರು ಮೊಮ್ಮಗನ ಕಡೆ ಗದ್ದ ತಿರುಗಿಸಿದರು. "ಇವನೂ ಪಿಯುಸಿ ಎರಡು ಸಲ ಡುಮ್ಕಿ ಹೊಡದಾನ್ರಿ. ಮೂರನೇ ಸಲ ಬರಿ ಅಂದ್ರ ಬಸ್ ಸ್ಟ್ಯಾಂಡಿನಾಗ ಕುಂತು ಬಂದ."

"ತಾತಾ, ಅದೆಲ್ಲ ಯಾಕ ಈಗ!" ಅಂದ ಬಸವಕುಮಾರ್.

"ಮತ್ತ ಇವನಿಗೆ ಮದುವಿ ಮಾಡಲಿಲ್ರೀ?" ಅಂದೆ ನಾನು.

"ಇಲ್ಲಲ್ರಿ, ಲಾರಿ ಕೊಡಿಸಿದ್ವಿ."

"ಶಾಣ್ಯಾರ್ರಿ ನೀವು. ಫೇಲಾದ್ರ ನಿಮ್ಮಲ್ಲಿ ಲಾರಿ ಕೊಡ್ತೀರಿ. ನಮ್ಮಲ್ಲಿ ಲಾರಿ ಇರೋ ಗಂಡನ್ನ ಕೊಡ್ತಾರ."

ಈ ಸಲ ಯಾರೂ ನಗಲಿಲ್ಲ. ನನ್ನ ಬಾಯಿ ಒಂದು ಮಾತು ಹೆಚ್ಚೇ ಆಡುತ್ತದೆ, ಅದು ರಾತ್ರಿ ಶಾಲೆಯಿಂದಲೂ ಇರುವ ಚಟ. ಆಗ ಹುಡುಗ ಮೊದಲ ಸಲ ಸೌಜನ್ಯಳ ಮುಖ ನೋಡಿ ಮಾತಾಡಿದ.

"ನೀವು ಮತ್ತ ಬರೀಬೇಕಂತ ಮಾಡೀರೇನ್ರಿ?"

ಸೌಜನ್ಯ ಅಪ್ಪನ ಕಡೆ ನೋಡಲಿಲ್ಲ. "ಹೂಂ ರಿ. ನಾಳೆ ಕಡೀ ದಿನ. ಪಾಸಾದ್ರ ಬಿ.ಎ. ಸೇರ್ತೀನಿ, ಹಿಸ್ಟರಿ ಓದ್ತೀನಿ."

"ಸೈನ್ಸ್ ಓದಿ ಮತ್ತ ಹಿಸ್ಟರೀನಾ?" ಅಂತ ಹಂಪಮ್ಮ ಕೇಳಿದಳು.

"ಮೊದಲಿಂದನೂ ಅದ ಬೇಕಾಗಿತ್ರಿ. ಆವಾಗ ಮಾರ್ಕ್ಸ್ ಜಾಸ್ತಿ ಬಂದಾವು ಅಂತ ಬ್ಯಾಡ ಅಂದ್ರು. ಈಗ ಕಡಿಮಿ ಬಂದಾವು ಅಂತ ಬ್ಯಾಡ ಅಂತಾರ. ಎಷ್ಟು ಬಂದಿದ್ರ ಹೂಂ ಅಂತಿದ್ರೋ ನನಗ ಗೊತ್ತಿಲ್ರಿ."

ಇದನ್ನು ನಾನು ಹೇಳಿಕೊಟ್ಟದ್ದಲ್ಲ. ನಾನು ಹೇಳಿಕೊಟ್ಟಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಚನ್ನಯ್ಯನವರು ಎದ್ದರು. "ನಮಗೇನು ಅವಸರ ಇಲ್ರಿ ವೀರೇಶಪ್ಪ. ಹುಡುಗಿ ಬರೀಲಿ. ಮಿರ್ಚಿ ಮಸ್ತ್ ಇದ್ವು" ಅಂತ ಕೈ ಮುಗಿದು ಮನೆಯವರನ್ನು ಕರೆದುಕೊಂಡು ಹೊರಟರು.

ಅವರು ಹೋದ ಮೇಲೆ ವೀರೇಶ ಚಪ್ಪಲಿ ಮೆಟ್ಟಿ ಗಿರಣಿಗೆ ನಡೆದ. ಊಟಕ್ಕೂ ಬರಲಿಲ್ಲ. ನನಗೆ ಹೆದರಿಕೆ ಆಯಿತು. ಮುದುಕಿಯ ಆಟಕ್ಕೆ ಹುಡುಗಿಯ ಬಾಳು ಇನ್ನಷ್ಟು ಹದಗೆಟ್ಟರೆ? ಬುತ್ತಿ ಕಟ್ಟಿಕೊಂಡು ಗಿರಣಿಗೆ ಹೋದೆ.

ಕಣದಲ್ಲಿ ಎಮ್ಮಿಗನೂರಿನಿಂದ ಬಂದ ಭತ್ತ ಹರವಿದ್ದರು. ವೀರೇಶ ಬರಿಗಾಲಲ್ಲಿ ಅದರೊಳಗೆ ಕಾಲು ಎಳೆಯುತ್ತ ಸಾಲು ತಿರುವುತ್ತಿದ್ದ. ಆಳು ಮಾಡುವ ಕೆಲಸ. ಸಿಟ್ಟು ಬಂದಾಗ ಅವನೇ ಮಾಡುತ್ತಾನೆ.

"ಹಸಿ ಬಂದೈತೇನೋ?"

"ಹೂಂ."

"ವಾಪಸ್ ಕಳಸಲಿಲ್ಲ?"

"ಯಾಕ ಕಳಸಲಿ? ಎರಡು ಬಿಸಿಲು ಬಿದ್ರ ಸರಿ ಆಗತೈತಿ..." ಅಂದವನು ನಿಂತ. ನನ್ನನ್ನು ದುರುಗುಟ್ಟಿ ನೋಡಿದ. ಕಥೆಗಳಲ್ಲಾದರೆ ಮಗನ ಕಣ್ಣು ಅಲ್ಲೇ ತೆರೆಯುತ್ತದೆ. ನನ್ನ ಮಗ, "ಯವ್ವಾ, ಹಿಂಗ ಸುತ್ತು ಹಾಕಿ ಹೇಳೋದೆಲ್ಲ ಬರತೈತಿ ನಿನಗ. ಮ್ಯಾಥ್ಸ್ ಒಂದು ಬರಂಗಿಲ್ಲ" ಅಂದ. "ಆಕಿ ಭತ್ತ ಅಲ್ಲ, ಮಗಳು."

"ಅದನ್ನ ಹೇಳಾಕ ಬಂದೀನಿ. ಕಾಳು ಕಡಿದು ನೋಡಿದಾಂವ ನೀನು."

ಅವನು ಇನ್ನೊಂದು ಸಾಲು ತಿರುವಿದ. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದ, "ಮತ್ತ ಫೇಲಾದ್ರ? ಆಕಿ ಮುಖ ನೋಡಾಕ ನನ್ನ ಕೈಲಾಗಂಗಿಲ್ಲಬೇ. ರಿಸಲ್ಟ್ ದಿನ ಆಕಿ ಕುಂತದ್ದು ನೋಡಿದ್ಯಲ್ಲ. ಅದಕ್ಕ ಪರೀಕ್ಷಾನ ಇಲ್ಲದಂಗ ಮಾಡೋಣ ಅಂದೆ."

ನನ್ನ ಮಗನನ್ನು ನಾನೂ ಒಂದೇ ಕಾಳು ಕಡಿದು ನೋಡಿದ್ದೆ ಅಂತ ಆಗ ಗೊತ್ತಾಯಿತು. ಮಂದಿ ನಗುತ್ತಾರೆ ಅನ್ನುವುದೊಂದೇ ಅವನ ಚಿಂತೆ ಅಂದುಕೊಂಡಿದ್ದೆ.

"ಫೇಲಾದ್ರ ಏನಾಗತೈತಿ ಅಂತ ನೋಡಾಕ ಮನ್ಯಾಗ ನಾ ಒಬ್ಬಾಕಿ ಅದೀನಲ್ಲ" ಅಂದೆ. "ಉಣ್ಣಾಕತ್ತೀನಿ, ಮಲಗಾಕತ್ತೀನಿ. ಪೇಡೆ ಡಬ್ಬಿ ಖಾಲಿ ಮಾಡೀನಿ. ಇವತ್ತು ಮದುವಿಗೂ ಫೇಲಾಗಿ ಬಂದೀನಿ. ಏನಾಗೇತಿ ನನಗ?"

ವೀರೇಶ ತಡೆದುಕೊಳ್ಳಲು ನೋಡಿದ. ಆಗಲಿಲ್ಲ. ಭತ್ತದ ನಡುವೆ ಕುಂತು ನಕ್ಕುಬಿಟ್ಟ. "ರೊಟ್ಟಿನೂ ಇಲ್ಲ ಅಂದನಲ್ಲಬೇ ಆ ಮುದುಕ!"

ಸೋಮವಾರ ಮುಂಜಾನೆ ಅವನೇ ಮಗಳನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಹೊಸಪೇಟೆಯ ಕಾಲೇಜಿಗೆ ಹೋಗಿ ಹೆಸರು ಕೊಡಿಸಿ ಬಂದ.

ಪರೀಕ್ಷೆಯೇ ಬ್ಯಾಡ ಅನ್ನುವವಳು ನಾನಲ್ಲ. ಪರೀಕ್ಷೆ ಅಂದರೆ ನನಗೆ ಭಾಳ ಇಷ್ಟ. ಪರೀಕ್ಷೆಗೇ ನನ್ನನ್ನು ಕಂಡರೆ ಆಗುವುದಿಲ್ಲ. ಆ ಬೇಸಿಗೆಯಲ್ಲಿ ಇಬ್ಬರೂ ಎದುರುಬದುರು ಕುಂತು ಓದಿದೆವು. ಅವಳು ನನಗೆ ಗಣಿತ ಹೇಳಿಕೊಡುವಳು. ನಾನು ಅವಳಿಗೆ ಫಿಸಿಕ್ಸ್ ಹೇಳಿಕೊಡದೆ ಉಪಕಾರ ಮಾಡಿದೆ.

ನನ್ನ ರಿಸಲ್ಟ್ ಮೊದಲು ಬಂತು. ಇಪ್ಪತ್ತಾರು. ಮತ್ತೆ ಫೇಲು. ಆದರೆ ಏಳು ಏರಿವೆ. ಇದೇ ಲೆಕ್ಕದಲ್ಲಿ ಹೋದರೆ ಮುಂದಿನ ಸಲ ಮೂವತ್ತಮೂರು, ಅದರ ಮುಂದಿನ ಸಲ ನಲವತ್ತು, ಪಾಸು. ಈ ಲೆಕ್ಕ ಸರಿ ಐತಿ ಅಂತ ಸೌಜನ್ಯಳೂ ಒಪ್ಪಿದಳು.

ಅವಳ ರಿಸಲ್ಟ್ ಬರುವ ದಿನ ಎಲ್ಲರೂ ಪಡಸಾಲೆಯಲ್ಲಿ ಮೊಬೈಲ್ ಸುತ್ತ ಕುಂತಿದ್ದೆವು. ನೆಟ್‌ವರ್ಕ್ ತಿರುಗುತ್ತಲೇ ಇತ್ತು. ವೀರೇಶ ಮೊಬೈಲ್ ಮೇಲೆ ಅಂಗೈ ಮುಚ್ಚಿದ.

"ತಡಿ, ನೋಡೂಕಿಂತ ಮೊದಲ ಹೇಳಿಬಿಡ್ತೀನಿ. ಆಗಿದ್ರ ಬಿ.ಎ.ಕ್ಕ ಹೋಗು, ನೀ ಹೇಳಿದ್ದ ಹಿಸ್ಟರಿ. ಆಗಿರಲಿಲ್ಲ ಅಂದ್ರ ಇನ್ನೊಂದು ಬಿಸಿಲು ಬೀಳಲಿ. ಮುಂದಿನ ವರ್ಷ ಬರಿ. ಈ ಮನ್ಯಾಗ ಫೇಲಾದೋರಿಗೆ ಮದುವಿ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿನಗೂ ಇಲ್ಲಬೇ" ಅಂದ.

ಅಂಗೈ ತೆಗೆದ. ಫಿಸಿಕ್ಸ್ ಪಾಸು. ಎಷ್ಟು ಬಂತು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅವಳಪ್ಪನೂ ಕೇಳಲಿಲ್ಲ.

ಅದೇ ವಾರ ಸಂಡೂರಿನಿಂದ ಫೋನ್ ಬಂತು. ಬಸವಕುಮಾರನಿಗೆ ಬೇರೆ ಕಡೆ ಸಂಬಂಧ ಗಟ್ಟಿಯಾಗಿತ್ತು. ಮದುವೆಗೆ ಬರ್ರಿ ಅಂತ ಕರೆಯಲು ಚನ್ನಯ್ಯನವರೇ ಮಾತಾಡಿದರು. ಸೌಜನ್ಯಳ ವಿಷಯ ಕೇಳಿ ಸಂತೋಷಪಟ್ಟರು. ಆಮೇಲೆ, ಅಕ್ಕಾರಿಗೆ ಕೊಡ್ರಿ ಅಂದರಂತೆ. ವೀರೇಶ ಮುಸಿಮುಸಿ ನಗುತ್ತ ಫೋನ್ ನನ್ನ ಕಿವಿಗಿಟ್ಟ.

"ಅಕ್ಕಾರ, ನಿಮ್ಮದೇನಾತ್ರಿ?"

"ಇಪ್ಪತ್ತಾರು ಬಂದಾವ್ರಿ."

"ಏರ್ಯಾವಲ್ಲ! ರೊಟ್ಟಿ?"

"ಮೊನ್ನೆ ಒಂದು ಬಡಿದು ನೋಡಿದೆ. ಹೊತ್ತಿ ಹೋತ್ರಿ."

"ಇರಲಿ ಬಿಡ್ರಿ. ಇನ್ನೊಂದು ಸಲ ನೋಡೋಣಂತ."